ಟವೆಲ್ಲಿನೊಳಗೆ ಕೈ ಓದುತ್ತಿದ್ದ ಕಾಕಾ

ಹೋದ ತಿಂಗಳು ಕಮತಗಿಯಿಂದ ಫೋನ್ ಬಂತು. ಕಾಕಾ ತೀರಿಕೊಂಡ ಸುದ್ದಿ. ನನ್ನ ಬಾಯಿಂದ ಮೊದಲು ಹೊರಟದ್ದು ಒಂದು ಬೈಗುಳ. ‘ಮೇಡಂ, ಕೇಳಸಾಕತ್ತೈತೇನ್ರಿ?’ ಎಂದು ಆ ಕಡೆಯವರು ಗಾಬರಿಯಾಗಿ ಕೇಳಿದರು. ಕೇಳಿಸಿತ್ತು, ಚೆನ್ನಾಗಿಯೇ ಕೇಳಿಸಿತ್ತು. ಒಲೆಯ ಮೇಲೆ ಉಕ್ಕುತ್ತಿದ್ದ ಸಾರನ್ನು ಇಳಿಸುವುದನ್ನೂ ಮರೆತು, ಹನ್ನೊಂದು ವರ್ಷ ಜೊತೆಯಲ್ಲಿ ಕೂತು ದುಡಿದ ಮನುಷ್ಯನನ್ನು ಬಾಯಿತುಂಬ ಬೈದೆ. ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಅತ್ತೆ.

ಕಾಕಾ ಎಂದರೆ ನನ್ನ ಸ್ವಂತ ಚಿಕ್ಕಪ್ಪನೇನಲ್ಲ. ನಾವು ಸಾಲಿ ಮಾಸ್ತರರ ಮನೆತನದವರು. ಆತ ಬೀರಪ್ಪನ ಒಕ್ಕಲು, ಕುರಿ ಕಾಯ್ದ ಮನೆತನ. ಹುನಗುಂದದಲ್ಲಿ ಕೋರ್ಟಿನ ಹಿಂದಿನ ಓಣಿಯಲ್ಲಿ ಆತನದೊಂದು ಶೇರು ದಲಾಲಿಯ ಆಫೀಸು ಇತ್ತು. ಒಂದೇ ಖೋಲಿ, ಎರಡು ಕಂಪ್ಯೂಟರ್, ಆರು ಪ್ಲಾಸ್ಟಿಕ್ ಕುರ್ಚಿ. ಬಿ.ಕಾಂ. ಮುಗಿಸಿ ಬಂದ ನಾನು ಕಂಪ್ಯೂಟರಿನ ಮುಂದೆ ಕೂತು ಗಿರಾಕಿಗಳು ಹೇಳಿದ್ದನ್ನು ಕೊಳ್ಳುವ, ಮಾರುವ ಕೆಲಸ ಮಾಡುತ್ತಿದ್ದೆ. ಎದುರಿಗಿದ್ದಾಗ ಮಾತಿಗೊಂದು ‘ರಿ’ ಹಚ್ಚುತ್ತಿದ್ದೆ. ಈಗ ಬರೆಯುವಾಗ ‘ಆತ’ ಎಂದೇ ಬರೆಯುತ್ತೇನೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ನಮ್ಮವ್ವ ಹೇಳುತ್ತಾಳೆ. ಆಕೆಗೇನು, ಆಕೆ ಆವತ್ತು ಆ ಖೋಲಿಯಲ್ಲಿ ಇರಲಿಲ್ಲ.

ಆತನನ್ನು ನೆನೆದರೆ ಮುಖಕ್ಕಿಂತ ಮೊದಲು ಕೈ ಕಣ್ಣ ಮುಂದೆ ಬರುತ್ತದೆ. ಅಗಲವಾದ ಒರಟು ಕೈ, ಬೆರಳುಗಳೆಲ್ಲ ಒಂದಲ್ಲ ಒಂದು ಸಲ ಮುರಿದು ಸೊಟ್ಟಗೆ ಕೂಡಿದವು. ಇಪ್ಪತ್ತು ವರ್ಷ ಅಮೀನಗಡದ ಸಂತೆಯಲ್ಲಿ ಕುರಿ ದಲಾಲಿ ಮಾಡಿದ ಕೈ ಅದು. ಆ ವ್ಯಾಪಾರದಲ್ಲಿ ಬಾಯಿಬಿಟ್ಟು ರೇಟು ಹೇಳುವುದಿಲ್ಲ. ಮಾರುವವನೂ ದಲಾಲನೂ ಕೈ ಕೈ ಹಿಡಿದು ಮೇಲೊಂದು ಟವೆಲ್ ಹಾಕಿಕೊಳ್ಳುತ್ತಾರೆ. ಒಳಗೆ ಬೆರಳು ಒತ್ತಿ ಒತ್ತಿ ರೇಟು ಕೇಳುವುದು, ಬೆರಳು ಒತ್ತಿಯೇ ಒಪ್ಪುವುದು. ಸುತ್ತ ನಿಂತವರಿಗೆ ಟವೆಲ್ ಅಲುಗುವುದಷ್ಟೇ ಕಾಣುತ್ತದೆ. ‘ಬಾಯಿ ಸುಳ್ಳು ಹೇಳ್ತೈತಿ, ಕಣ್ಣೂ ಸುಳ್ಳು ಹೇಳ್ತಾವ. ಕೈ ಮಾತ್ರ ಖರೆ ಹೇಳ್ತೈತಿ ನೋಡು ಹುಡುಗಿ’ ಎನ್ನುತ್ತಿದ್ದ.

ಒಮ್ಮೆ ಒಬ್ಬ ದಲಾಲ ಟವೆಲ್ಲಿನೊಳಗೆ ಒಪ್ಪಿದ ರೇಟಿಗೆ ಹೊರಗೆ ಬಂದು ‘ನಾ ಹಂಗ ಒತ್ತೇ ಇಲ್ಲ’ ಎಂದುಬಿಟ್ಟನಂತೆ. ಕಾಕಾ ಜಗಳಾಡಲಿಲ್ಲ. ಮತ್ತೆ ಟವೆಲ್ ಹೊದಿಸಿ, ‘ಹಂಗಾರ ಹೆಂಗ ಒತ್ತಿದಿ, ಇನ್ನೊಮ್ಮೆ ತೋರ್ಸು’ ಎಂದು ಕೈ ಹಿಡಿದ. ದಲಾಲನ ಎರಡು ಬೆರಳು ಲಟಕ್ಕೆಂದವು. ದಲಾಲನ ಅಣ್ಣತಮ್ಮಂದಿರು ಬಡಿಗೆ ಹಿಡಿದು ಬಂದು ಕಾಕಾನ ತಲೆ ಒಡೆದರು. ಹುಬ್ಬಿನಿಂದ ನೆತ್ತಿಯವರೆಗೆ ಕೂದಲು ಹುಟ್ಟದ ಒಂದು ಗೆರೆ ಕೊನೆಯವರೆಗೂ ಇತ್ತು. ಆ ಕತೆಯನ್ನು ಹೊಸ ಗಿರಾಕಿಗಳಿಗೆಲ್ಲ ನಗುತ್ತ ಹೇಳುತ್ತಿದ್ದ. ಕೆಲವರು ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋಗುತ್ತಿದ್ದರು.

ಸಂತೆಗೆ ಕುರಿ ಕೊಳ್ಳಲು ಬರುತ್ತಿದ್ದ ವಕೀಲರೊಬ್ಬರಿಂದ ಆತನಿಗೆ ಶೇರಿನ ರುಚಿ ಹತ್ತಿತು. ಪಿಯುಸಿಯವರೆಗೆ ಓದಿದ್ದ, ತಲೆ ಚುರುಕಿತ್ತು. ಪರೀಕ್ಷೆ ಬರೆದು ಪಾಸಾಗಿ, ಬಾಗಲಕೋಟೆಯ ದಲಾಲಿ ಕಂಪನಿಯೊಂದರ ಕೈಕೆಳಗೆ ಆಫೀಸು ತೆರೆದ. ‘ಕುರಿ ಹಲ್ಲು ನೋಡಿ ತಗೋಬೇಕು, ಕಂಪನಿ ಸಾಲ ನೋಡಿ ತಗೋಬೇಕು. ಬರೇ ಉಣ್ಣೆ ನೋಡಿ ತಗೊಂಡಾಂವ ಉಪವಾಸ ಸಾಯ್ತಾನ’ ಎಂಬುದು ಆತನ ಅರ್ಥಶಾಸ್ತ್ರ. ನಾನು ಮೂರು ವರ್ಷ ಕಾಲೇಜಿನಲ್ಲಿ ಓದಿದ್ದಕ್ಕಿಂತ ಅದು ಹೆಚ್ಚು ಉಪಯೋಗಕ್ಕೆ ಬಂತೆಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಆಫೀಸಿಗೂ ಟವೆಲ್ ತಂದಿದ್ದ. ಹೊಸ ಗಿರಾಕಿ ಬಂದರೆ ಅರ್ಜಿ ತುಂಬುವ ಮೊದಲು ಕೈ ಹಿಡಿದು ಟವೆಲ್ ಹೊದಿಸಿ ಕೇಳುತ್ತಿದ್ದ: ‘ನಿಮ್ಮ ರೊಕ್ಕ ಅರ್ಧ ಆತಂದ್ರ ಏನ ಮಾಡ್ತೀರಿ?’ ಎಲ್ಲರೂ ‘ತಡಕೋತೇವ್ರಿ’ ಎಂದೇ ಹೇಳುವವರು. ಆತ ಉತ್ತರ ಕೇಳುತ್ತಿರಲಿಲ್ಲ, ಕೈ ನೋಡುತ್ತಿದ್ದ. ಬಾದಾಮಿಯ ಹೋಟೆಲ್ ಮಾಲೀಕರೊಬ್ಬರು ದೊಡ್ಡ ಗಂಟು ತಂದಿದ್ದರು. ಕೈ ಬಿಟ್ಟವನೇ ‘ನಿಮಗ ಪೋಸ್ಟಾಫೀಸ ಚಲೋ ಸಾಹೇಬ್ರ, ಅಂಗೈ ಒದ್ದಿ ಆಗೇತಿ’ ಎಂದು ಕಳಿಸಿಬಿಟ್ಟ. ಅದೇ ದಿನ ಇಳಕಲ್ಲಿನಿಂದ ಮಗ್ಗ ನೇಯುವ ಹೆಣ್ಣುಮಗಳೊಬ್ಬಳು ಸಣ್ಣ ಉಳಿತಾಯ ತಂದಳು. ‘ಈಕಿ ಕೈ ಕಲ್ಲ! ಬರ್ಕೋ ಹೆಸರು’ ಎಂದ. ಅದನ್ನು ನೋಡಿ ನಾನು ನಕ್ಕಿದ್ದೆ. ನಗುತ್ತ ನಗುತ್ತ ನಂಬಿದೆ.

ಆತನ ಸಿಟ್ಟು ಊರಿಗೇ ಗೊತ್ತಿತ್ತು. ಮೂಗಿನ ತುದಿಯಲ್ಲಿ ಅಂತಾರಲ್ಲ, ಇದು ಹಾಗಲ್ಲ, ಕೈಯಲ್ಲೇ ಇರುತ್ತಿತ್ತು. ಯಾರದೋ ಮಾತು ಕೇಳಿ ಕಳಪೆ ಶೇರು ಕೊಂಡುಬಂದ ರೇಷ್ಮೆ ನೂಲಿನ ವ್ಯಾಪಾರಿಗೆ ಕಪಾಳಕ್ಕೆ ಬಿಗಿದಿದ್ದ. ಆ ವ್ಯಾಪಾರಿ ಮರುದಿನ ಮತ್ತೆ ಬಂದು ಕೂತ! ಎರಡು ಕ್ಯಾಲ್ಕುಲೇಟರ್, ಒಂದು ಫ್ಯಾನು, ಲೆಕ್ಕವಿಲ್ಲದಷ್ಟು ಚಹಾ ಲೋಟ ಆ ಕೈಗೆ ಬಲಿಯಾದವು. ಶಟರ್ ಎಳೆಯುವ ಕಬ್ಬಿಣದ ಸಲಾಕೆಯನ್ನು ಮೇಜಿನ ಪಕ್ಕದಲ್ಲೇ ಒರಗಿಸಿಡುತ್ತಿದ್ದ, ಮಾತಿನ ನಡುವೆ ಅದರಿಂದ ನೆಲ ಕುಟ್ಟುತ್ತಿದ್ದ. ನನ್ನ ಮೇಲೆ ಮಾತ್ರ ಒಮ್ಮೆಯೂ ಕೈ ಎತ್ತಿರಲಿಲ್ಲ. ಆ ಗುರುವಾರದವರೆಗೆ.

ಆತನ ಇಡೀ ನಂಬಿಕೆ ನಿಂತದ್ದು ಒಂದು ಮಾತಿನ ಮೇಲೆ. ಗಿರಾಕಿಯ ರೊಕ್ಕವನ್ನು ಒಂದೇ ಕಡೆ ಇಡುತ್ತಿರಲಿಲ್ಲ. ಒಂದಿಷ್ಟು ಶೇರು, ಒಂದಿಷ್ಟು ಬಂಗಾರದ ಫಂಡು, ಒಂದಿಷ್ಟು ಬೆಳ್ಳಿ. ಆಸ್ತಿವಂತರಾದರೆ ಗೋದಾಮಿನಲ್ಲಿ ಒಂದಿಷ್ಟು ಹತ್ತಿ. ‘ಶೇರು ಅಳೂವಾಗ ಬಂಗಾರ ನಗತೈತಿ. ಬಂಗಾರ ಮಲಗಿದಾಗ ಹತ್ತಿ ಏಳ್ತೈತಿ. ನಾಲ್ಕು ಎತ್ತೂ ಒಮ್ಮೆಲೆ ಕುಂಡ್ರೂದಿಲ್ಲ ಬಿಡು’ ಎನ್ನುತ್ತಿದ್ದ. ಹತ್ತು ವರ್ಷ ಹಾಗೆಯೇ ಆಯಿತು. ನನ್ನ ಸಂಬಳದಲ್ಲಿ ಉಳಿದದ್ದನ್ನೂ ಹಾಗೆಯೇ ಹಂಚಿ ಇಟ್ಟೆ.

ಕೊರೊನಾ ಬಂದ ಆ ಮಾರ್ಚಿನಲ್ಲಿ ಮೊದಲು ಶೇರು ಬಿತ್ತು. ಕಾಕಾ ತೊಡೆ ತಟ್ಟಿಕೊಂಡು, ‘ಈಗ ನೋಡು ಬಂಗಾರದ ಆಟ’ ಎಂದ. ಒಂದೆರಡು ದಿನ ಬಂಗಾರ ಏರಿತು ಕೂಡ. ಆಮೇಲೆ ಅದೂ ಜಾರಿತು. ಅದರ ಬೆನ್ನಿಗೆ ಬೆಳ್ಳಿ ಕಲ್ಲು ಬಿದ್ದಂತೆ ಬಿತ್ತು. ಹತ್ತಿ ಬಿತ್ತು, ಎಣ್ಣೆ ಬಿತ್ತು, ತಾಮ್ರ ಬಿತ್ತು. ಅಮೆರಿಕದಲ್ಲಿ ಬಿದ್ದದ್ದು ಮುಂಬಯಿಯಲ್ಲಿ ಬಿತ್ತು, ಮುಂಬಯಿಯಲ್ಲಿ ಬಿದ್ದದ್ದು ಹುನಗುಂದದ ಈ ಖೋಲಿಯಲ್ಲಿ ಬಿತ್ತು. ಇಳಕಲ್ಲಿನ ಕೆಂಪು ಕಲ್ಲು ಕೊಳ್ಳುವ ವಿದೇಶದವರು ಫೋನೇ ಎತ್ತಲಿಲ್ಲ; ಸೀರೆ ಅಂಗಡಿಗಳಲ್ಲಿ ಗಿರಾಕಿಯಿಲ್ಲದೆ ಮಗ್ಗಗಳು ನಿಂತವು. ನನ್ನ ಸ್ಕ್ರೀನ್ ಮೇಲಿಂದ ಕೆಳತನಕ ಕೆಂಪಾಗಿತ್ತು. ಒಂದು ದಿನವಂತೂ ಪೇಟೆಯನ್ನೇ ಸ್ವಲ್ಪ ಹೊತ್ತು ನಿಲ್ಲಿಸಿದರು.

‘ಕಾಕಾ, ಬಂಗಾರ ಯಾಕ ಬೀಳ್ಲಿಕ್ಕತ್ತದರಿ? ಅದಕ್ಕೇನಾಗ್ಯದ?’ ಎಂದು ಕೇಳಿದೆ.

ಆತ ಸ್ಕ್ರೀನಿನ ಕೆಂಪಿನ ಮೇಲೆ ಬೆರಳಿಟ್ಟ. ‘ಬಂಗಾರಕ್ಕ ಏನೂ ಆಗಿಲ್ಲ. ಮಂದಿಗೆ ಆಗೇತಿ’ ಎಂದ. ‘ಹಿಂಡಿನಾಗ ತ್ವಾಳ ಹೊಕ್ಕಾಗ ನೋಡೀ ಏನು? ನೀ ಎಲ್ಲಿ ನೋಡಿದ್ದಿ ಬಿಡು. ಕುರಿ ಬ್ಯಾರೆ, ಆಡು ಬ್ಯಾರೆ, ಟಗರು ಬ್ಯಾರೆ ಅನ್ನೂದು ಇರೂದಿಲ್ಲ ಆವಾಗ. ದಿನಾ ಒಂದಕ್ಕೊಂದು ಹಾಯೂವು, ಅವತ್ತು ಒಂದ ದಿಕ್ಕಿಗೆ ಓಡ್ತಾವ, ಒಂದ ತಗ್ಗಿನಾಗ ಬೀಳ್ತಾವ. ಅಂಜಿದ ಮನಷ್ಯಾ ಮಾರಬೇಕಾದ್ದನ್ನ ಮಾರೂದಿಲ್ಲ ಹುಡುಗಿ. ಯಾವುದಕ್ಕ ಕೊಳ್ಳಾಂವ ಸಿಗ್ತಾನೋ ಅದನ್ನ ಮಾರ್ತಾನ. ಚಲೋ ಮಾಲು ಮೊದಲ ಹೋಗ್ತೈತಿ.’

ಇದನ್ನು ಅಷ್ಟು ಸ್ವಚ್ಛವಾಗಿ ತಿಳಿದಿದ್ದ ಮನುಷ್ಯ! ಅದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಆ ವಾರ ನಮ್ಮ ಖೋಲಿ ಕುಸ್ತಿಯ ಕಣವಾಗಿತ್ತು. ಹಿಂದೆ ಕಪಾಳಕ್ಕೆ ಹೊಡೆಸಿಕೊಂಡ ರೇಷ್ಮೆ ವ್ಯಾಪಾರಿ ಬಂದು ಕಾಕಾನ ಕುತ್ತಿಗೆಗೇ ಕೈ ಹಾಕಿದ. ‘ನಾಲ್ಕೆತ್ತು ಅಂದಿದ್ದೆಲ್ಲೋ, ಎಲ್ಲಿ ಅದಾವ ನಿನ್ನ ಎತ್ತು?’ ಎಂದು ಗೋಡೆಗೆ ಒತ್ತಿದ. ಕಾಕಾ ಮೊಣಕಾಲಿನಿಂದ ಆತನ ಹೊಟ್ಟೆಗೆ ಗುದ್ದಿ ಕೆಡವಿದ. ಕಲ್ಲಿನ ಗುತ್ತಿಗೆದಾರನೊಬ್ಬ ಕುರ್ಚಿ ಎತ್ತಿ ಒಗೆದು ಕಿಟಕಿಯ ಗಾಜು ಪುಡಿ ಮಾಡಿದ. ಆತನನ್ನು ಕಾಕಾ ಕಾಲರ್ ಹಿಡಿದು ಎಳೆದು ಅದೇ ಗಾಜಿನ ಮೇಲೆ ಕೂರಿಸಿ, ‘ಇವತ್ತ ಮಾರಿದ್ರ ಸಾಯ್ತೀ. ಸುಮ್ಮ ಕುಂಡ್ರು!’ ಎಂದು ಗದರಿಸಿದ. ಬಂದವರನ್ನೆಲ್ಲ ಹೊಡೆದು, ಬೈದು, ಕೈ ತಿರುವಿ, ಮಾರಲು ಬಿಡದೆ ಕಳಿಸಿದ. ಒಬ್ಬರದನ್ನೂ ಮಾರಲು ಬಿಡಲಿಲ್ಲ. ನಾನು ಸಂಜೆ ಗಾಜು ಗುಡಿಸುತ್ತ, ಈತನಿಗೆ ಹುಚ್ಚು ಹಿಡಿದಿದೆಯೋ, ದೇವರು ಬಂದಿದ್ದಾನೋ ಎಂದು ಯೋಚಿಸುತ್ತಿದ್ದೆ. ಆ ದಿನಗಳಲ್ಲಿ ಟವೆಲ್ಲಿನೊಳಗೆ ಆತ ಹಿಡಿದ ಕೈಗಳೆಲ್ಲ ನಡುಗುತ್ತಿದ್ದವು. ನಡುಗುವ ಕೈ ಎಂದರೆ ಅಂಜಿದ ಕೈ, ಅಂಜಿದವನ ಮಾತು ಕೇಳಬಾರದು. ಅಷ್ಟೇ ಆತನ ಲೆಕ್ಕ.

ಗುರುವಾರ ಆತನ ತಮ್ಮ ಬಂದ.

ಈ ತಮ್ಮನನ್ನು ನಾನು ಮೊದಲೂ ನೋಡಿದ್ದೆ. ಕಾಕಾ ಕುರಿ ಬಿಟ್ಟರೂ ಈತ ಬಿಟ್ಟಿರಲಿಲ್ಲ. ಕಮತಗಿಯಲ್ಲಿ ಮನೆ, ವರ್ಷದ ಅರ್ಧ ಕಾಲ ಹೆಂಡತಿಯೊಡನೆ ಹಿಂಡು ಹೊಡೆದುಕೊಂಡು ಪೂರ್ವದ ಕಾಲುವೆ ಸೀಮೆಗೆ ಹೋಗುತ್ತಿದ್ದ. ಮರಿ ಮಾರಿದ ರೊಕ್ಕವನ್ನು ವರ್ಷಕ್ಕೊಮ್ಮೆ ತಂದು ಅಣ್ಣನ ಕೈಗೆ ಕೊಡುವನು, ರಸೀದಿಯನ್ನೂ ಕೇಳುವವನಲ್ಲ. ಅದು ಅರ್ಧ ಶೇರಿನಲ್ಲಿ, ಅರ್ಧ ಬಂಗಾರದ ಫಂಡಿನಲ್ಲಿ, ಆತನದೇ ಹೆಸರಿನಲ್ಲಿತ್ತು. ಅವತ್ತು ಹೆಗಲ ಮೇಲೆ ಕಂಬಳಿ, ಕಾಲಿಗೆ ಮೊಣಕಾಲತನಕ ಧೂಳು. ಕುರ್ಚಿಯ ಮೇಲೆ ಕೂರದೆ ನಿಂತೇ ಮಾತಾಡಿದ.

‘ಅಣ್ಣಾ, ನಂದು ಎಷ್ಟ ಐತಿ ಅಷ್ಟು ಮಾರಿ ಕೊಡು.’

‘ಯಾಕ?’

‘ಎರಡು ಲಾರಿ ಬೇಕು. ಹಿಂಡು ಮನಿಗೆ ತರಬೇಕು. ಅಲ್ಲಿ ಊರಿನವ್ರು ನಿಲ್ಲಾಕ ಬಿಡವಲ್ರು. ರೋಗ ತಂದೀರಿ ಅಂತಾರ. ನೀರಿಗೆ ಹೋದ್ರ ಕಲ್ಲು ಒಗೀತಾರ. ಮೊನ್ನೆ ನಮ್ಮ ನಾಯಿ ಬಡದು ಕೊಂದ್ರು. ಆಕಿ ಒಬ್ಬಾಕಿನ ಹಿಂಡಿನ ಹಂತೇಕ ಬಿಟ್ಟು ಬಂದೇನಿ.’

‘ನಾಲ್ಕು ಕುರಿ ಮಾರು.’

‘ಯಾರಿಗೆ? ಸಂತಿ ಎಲ್ಲಾ ಬಂದ್ ಮಾಡ್ಯಾರ. ಹಾದಿಯಾಗ ಒಬ್ಬಾಂವ ಕೇಳಿದ. ಅಂವ ಕೇಳಿದ ರೇಟಿಗೆ ಕೊಟ್ರ ಲಾರಿ ಬಾಡಿಗಿಗೆ ಅರ್ಧಾ ಹಿಂಡು ಹೋಗ್ತೈತಿ.’

ಕಾಕಾ ಎರಡೂ ಕೈ ಚಾಚಿ ನಕ್ಕ. ‘ಕೇಳಿದೇನ ಹುಡುಗಿ? ಕುರಿ ಬಿದ್ದೈತಿ ಅಂತ ಇಂವ ಕುರಿ ಮಾರವಲ್ಲ. ಶೇರು ಬಿದ್ದೈತಿ, ನಾ ಶೇರು ಮಾರಬೇಕಂತ! ಲೇ ತಮ್ಮಾ, ಎರಡು ವಾರ ತಡಿ. ಹೆಚ್ಚಂದ್ರ ಒಂದು ತಿಂಗಳು. ಎಲ್ಲಾ ಎದ್ದ ನಿಲ್ತೈತಿ.’

‘ಒಂದು ತಿಂಗಳು ಇರೂದಿಲ್ಲ ಅಣ್ಣಾ. ಆಗಲೇ ದಾರಿ ಮುಚ್ಚಾಕತ್ತಾರ.’

ಹಾಗಾದರೆ ಅಣ್ಣನೇ ಕೈಯಿಂದ ಕೊಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಾನೂ ಕೇಳಿಕೊಂಡಿದ್ದೇನೆ. ಅವತ್ತು ಬೆಳಿಗ್ಗೆಯೇ ಆತ ಮನೆಯಲ್ಲಿದ್ದ ಬಿಡಿಗಾಸನ್ನೂ ಬಳಿದು, ಬಿದ್ದ ರೇಟಿನಲ್ಲಿ ಶೇರು ಕೊಂಡಿದ್ದ. ಗುಂಡಿ ಒತ್ತಿದವಳು ನಾನೇ. ನನ್ನ ಉಳಿತಾಯವೂ ಅದೇ ಸ್ಕ್ರೀನಿನೊಳಗೆ ಕೆಂಪಾಗಿ ಕೂತಿತ್ತು. ಖೋಲಿಯಲ್ಲಿದ್ದ ಮೂವರಲ್ಲಿ ಲಾರಿಯ ಮುಂಗಡಕ್ಕಾಗುವಷ್ಟು ನಗದು ಯಾರ ಬಳಿಯೂ ಇರಲಿಲ್ಲ. ತಮ್ಮನದನ್ನು ಮಾರಿದರೆ ಎರಡು ದಿನದಲ್ಲಿ ರೊಕ್ಕ ಆತನ ಬ್ಯಾಂಕಿಗೆ ಬರುತ್ತಿತ್ತು.

ಕಾಕಾ ಹೆಗಲ ಮೇಲಿನ ಟವೆಲ್ ತೆಗೆದ. ತಮ್ಮನ ಕೈ ಹಿಡಿದು ಮೇಲೆ ಹೊದಿಸಿದ. ಟವೆಲ್ ನಡುಗುತ್ತಿರುವುದು ನನಗೂ ಕಾಣುತ್ತಿತ್ತು.

‘ನಡಗಾಕತ್ತೀ’ ಎಂದ ಕಾಕಾ. ‘ಈ ವಾರ ಇಂಥಾ ಕೈ ಮೂವತ್ತು ಹಿಡದೇನಿ. ಇದು ಅಂಜಿಕಿ. ಅಂಜಿದಾವನ ಮಾಲು ನಾ ಮಾರೂದಿಲ್ಲ.’

‘ಅಂಜಿಕಿ ಅಲ್ಲೋ ಅಣ್ಣಾ. ನಿನ್ನೆಯಿಂದ ಹೊಟ್ಟಿಗಿಲ್ಲ. ಹಾದಿಯಾಗ ಒಂದೂ ಹೋಟೆಲ್ ತೆಗದಿಲ್ಲ.’

ಕಾಕಾ ಅದನ್ನು ಕೇಳಿದನೋ ಇಲ್ಲವೋ. ಕೇಳಿದ್ದರೂ ಒಪ್ಪುವವನಲ್ಲ. ಆತನಿಗೆ ಕೈ ಹೇಳಿದ್ದೇ ಖರೆ.

ತಮ್ಮ ಟವೆಲ್ ಕೊಡವಿ ನನ್ನ ಕಡೆ ತಿರುಗಿದ. ‘ಯವ್ವಾ, ನೀನರ ಒತ್ತು. ನಂದ ರೊಕ್ಕ ಐತಿ ಅದು.’ ಕಾನೂನಿನ ಪ್ರಕಾರ ಆತನ ಮಾತೇ ಕಡೆಯದು. ಮಾಲು ಆತನದು, ಹೆಸರು ಆತನದು. ನಾನು ಆತನ ಖಾತೆ ತೆರೆದೆ. ಬೆರಳು ಗುಂಡಿಯ ಮೇಲಿಟ್ಟೆ.

ಶಟರಿನ ಸಲಾಕೆ ಬಂದದ್ದು ನನಗೆ ಕಾಣಲೇ ಇಲ್ಲ. ಕೀಬೋರ್ಡ್ ಎರಡು ಹೋಳಾಯಿತು, ಗುಂಡಿಗಳು ಹುರಿದ ಜೋಳದಂತೆ ಸಿಡಿದವು. ನನ್ನ ನಡುಬೆರಳಿನ ಉಗುರು ಅರ್ಧಕ್ಕೆ ಎದ್ದು ನಿಂತಿತು. ನಾನು ಚೀರಿದೆ. ತಮ್ಮ ‘ಹೆಣ್ಣಮಗಳ ಮ್ಯಾಲೆ ಕೈ ಮಾಡ್ತೀ ಏನಲೇ’ ಎಂದು ಅಣ್ಣನ ಮೇಲೆ ಬಿದ್ದ. ಇಬ್ಬರೂ ಮೇಜು ಕೆಡವಿ, ಬಾಗಿಲು ದಾಟಿ, ಓಣಿಗೆ ಉರುಳಿದರು. ತಮ್ಮ ಗಟ್ಟಿ ಆಳು, ಆದರೆ ಹಸಿದಿದ್ದ. ಕಾಕಾ ಆತನ ಎದೆಯ ಮೇಲೆ ಕೂತು ಮುಖಕ್ಕೆ ಗುದ್ದಿದ. ಒಂದಲ್ಲ, ಎರಡಲ್ಲ. ಹಲ್ಲೊಂದು ಮುರಿದು ಮಣ್ಣಿಗೆ ಬಿತ್ತು. ಪ್ರತಿ ಗುದ್ದಿಗೂ ‘ನಿನ್ನ ಸಲುವಾಗಿ! ನಿನ್ನ ಸಲುವಾಗಿ ಹೇಳಾಕತ್ತೇನಲೇ!’ ಎಂದು ಕೂಗುತ್ತಿದ್ದ. ಕೋರ್ಟಿನಿಂದ ಬಂದ ಮಂದಿ, ಚಹಾದಂಗಡಿಯವರು, ಎಲ್ಲರೂ ದೂರದಲ್ಲೇ ನಿಂತಿದ್ದರು. ಬೇರೆ ದಿನವಾಗಿದ್ದರೆ ಹತ್ತು ಕೈ ಬಂದು ಬಿಡಿಸುತ್ತಿದ್ದವು. ಅವತ್ತು ಒಬ್ಬರನ್ನೊಬ್ಬರು ಮುಟ್ಟಲು ಎಲ್ಲರಿಗೂ ಭಯ.

ತಮ್ಮ ಎದ್ದು ಕಂಬಳಿ ಕೊಡವಿಕೊಂಡ. ಬಾಯಿ ತುಂಬ ರಕ್ತ. ಕಾಕಾ ಕಿಸೆಯಲ್ಲಿದ್ದಷ್ಟನ್ನು ತೆಗೆದು ಆತನ ಮುಂದೆ ಹಿಡಿದ. ತಮ್ಮ ಅದರ ಮೇಲೆ ಉಗುಳಿ ಬಸ್ ಸ್ಟ್ಯಾಂಡಿನ ಕಡೆ ಹೋದ.

ಕಾಕಾ ಮುಖ ತೊಳೆಯಲು ಹಿತ್ತಿಲಿಗೆ ಹೋದ. ಹೆಚ್ಚಂದರೆ ಹತ್ತು ನಿಮಿಷ. ಒಡೆದದ್ದು ಒಂದು ಕೀಬೋರ್ಡ್, ಎರಡನೆಯ ಕಂಪ್ಯೂಟರ್ ಚಾಲೂ ಇತ್ತು. ಪೇಟೆ ಇನ್ನೂ ಮುಚ್ಚಿರಲಿಲ್ಲ. ಮಾಲು ಯಾರದೋ ಅವರೇ ಬಾಯಿಬಿಟ್ಟು ಹೇಳಿ ಹೋಗಿದ್ದರು. ನಾನು ಎದ್ದು ಆ ಕುರ್ಚಿಗೆ ಹೋಗಿ ಕೂತದ್ದೂ ನಿಜ. ಬೆರಳಿಗೆ ಸೆರಗು ಸುತ್ತಿಕೊಂಡು, ತಮ್ಮನ ಖಾತೆ ತೆರೆದು, ಅದರ ಮೊತ್ತ ನೋಡುತ್ತ ಕೂತೆ. ಒತ್ತಲಿಲ್ಲ. ಅಂಜಿ ಒತ್ತಲಿಲ್ಲ ಎಂದು ಎಷ್ಟೋ ಮಂದಿಗೆ ಹೇಳಿದ್ದೇನೆ, ಅದು ಸುಳ್ಳು. ಕಾಕಾನದೇ ಸರಿ ಎಂದು ನನಗೆ ಅನಿಸಿತ್ತು. ಇಂಥ ರೇಟಿಗೆ ಮಾರಿದರೆ ಪಾಪ, ತಮ್ಮನೇ ಮುಂದೆ ಹಳಹಳಿಸುತ್ತಾನೆ ಎಂದುಕೊಂಡೆ.

ಐದನೆಯ ದಿನಕ್ಕೆ ಇಡೀ ದೇಶ ಬಂದ್ ಆಯಿತು.

ತಮ್ಮ ಹೇಗೋ ಹಿಂಡಿನ ಹತ್ತಿರ ಮುಟ್ಟಿದ್ದ. ಗಂಡಹೆಂಡಿರು ಕುರಿ ಹೊಡೆದುಕೊಂಡು ನಡೆದೇ ಕಮತಗಿಗೆ ಹೊರಟರು. ಹಾದಿಯ ಊರುಗಳವರು ದಾರಿಗೆ ಜಾಲಿಮುಳ್ಳು ಒಟ್ಟಿದ್ದರು. ಒಂದು ಊರಿನಲ್ಲಿ, ಹೆಸರು ಬೇಡ, ಮುಳ್ಳು ಬಳಸಿ ಹೊರಟ ಕುರಿಗಳು ಜೋಳದ ಹೊಲಕ್ಕೆ ನುಗ್ಗಿದವು. ನಡುಮಧ್ಯಾಹ್ನ. ಬಡಿಗೆ, ಕೊಡಲಿಯ ಕಾವು ಹಿಡಿದು ಮಂದಿ ಬಂದರು. ಮೊದಲು ಕುರಿಗಳ ಕಾಲು ಮುರಿದರು. ಅಡ್ಡ ಹೋದ ತಮ್ಮನ ತಲೆಗೆ ಹೊಡೆದರು. ಬಿದ್ದವನನ್ನು ಮುಟ್ಟಿ ಎತ್ತಲು ಒಬ್ಬರೂ ಬರಲಿಲ್ಲ. ಆತನ ಹೆಂಡತಿ ಆತನನ್ನು ಕಂಬಳಿಯಲ್ಲಿ ಹಾಕಿ ಎಳೆದುಕೊಂಡು ರಸ್ತೆಗೆ ತಂದಳಂತೆ. ಮೂರನೆಯ ದಿನ ದವಾಖಾನೆಯಲ್ಲಿ ಸತ್ತ. ಹಿಂಡಿನಲ್ಲಿ ಉಳಿದದ್ದು ಮೂರರಲ್ಲೊಂದು ಪಾಲು.

ಶೇರು ಪೇಟೆ ಅಗತ್ಯದ ಕೆಲಸ ಎಂದು ನಮಗೆ ಓಡಾಡಲು ಪಾಸು ಕೊಟ್ಟಿದ್ದರು. ಅದೇ ಪಾಸು ತೋರಿಸಿ ಕಾಕಾ ತಮ್ಮನ ಹೆಣ ತಂದ. ಕುರಿಗೆ ಪಾಸು ಎಲ್ಲಿ ಸಿಗುತ್ತದೆಂದು ತಮ್ಮನಿಗೆ ಗೊತ್ತಿರಲಿಲ್ಲ. ನಮಗೂ ಕೇಳಬೇಕೆಂದು ಹೊಳೆದಿರಲಿಲ್ಲ.

ಮುಂದಿನದು ನಿಮಗೆ ಗೊತ್ತೇ ಇದೆ. ಎಲ್ಲವೂ ಎದ್ದವು. ಒಟ್ಟಿಗೆ ಬಿದ್ದ ಹಾಗೆಯೇ ಒಟ್ಟಿಗೆ ಎದ್ದವು. ಬಂಗಾರ, ಶೇರು, ಬೆಳ್ಳಿ, ಆಮೇಲಾಮೇಲೆ ಹತ್ತಿ ಕೂಡ. ಕಾಕಾ ಹೇಳಿದ್ದ ಒಂದೊಂದು ಮಾತೂ ಖರೆಯಾಯಿತು. ಹೊಡೆಸಿಕೊಂಡು ಮಾರದೆ ಹೋದವರೆಲ್ಲ ಲಾಭ ಮಾಡಿಕೊಂಡರು. ಗೋಡೆಗೆ ಒತ್ತಿದ್ದ ರೇಷ್ಮೆ ವ್ಯಾಪಾರಿ ಹೂವಿನ ಹಾರ, ಕರದಂಟಿನ ಡಬ್ಬಿ ತಂದು, ‘ನೀವು ದೇವರ್ರಿ, ಅವತ್ತ ನೀವು ಗುದ್ದಿದ್ದಕ್ಕ ನಾ ಉಳದೆ’ ಎಂದು ಕಾಕಾನ ಕೊರಳಿಗೆ ಹಾರ ಹಾಕಿದ. ಕಾಕಾ ಅದೇ ಹಾರವನ್ನು ತೆಗೆದು ಆತನ ಕೊರಳಿಗೆ ಸುತ್ತಿ ಎಳೆದ. ದಾರ ಹರಿಯದಿದ್ದರೆ ಏನಾಗುತ್ತಿತ್ತೋ. ಆತನನ್ನು ಒದ್ದು ಹೊರಗೆ ಹಾಕಿ, ಕರದಂಟಿನ ಡಬ್ಬಿಯನ್ನು ಓಣಿಗೆ ಒಗೆದು, ನಂತರ ತನ್ನ ಬಲಗೈಯನ್ನು ಗೋಡೆಗೆ ಗುದ್ದತೊಡಗಿದ. ನಾನು ಹಿಂದಿನಿಂದ ಅಪ್ಪಿ ಹಿಡಿಯುವಷ್ಟರಲ್ಲಿ ಎರಡು ಬೆರಳು ಮುರಿದಿದ್ದವು. ‘ಸಾಕ್ರಿ ಕಾಕಾ, ಸಾಕು’ ಎಂದು ಅಳುತ್ತಿದ್ದೆ. ಆ ಮನುಷ್ಯನ ಮೈ ಅಷ್ಟು ಹಗುರಾಗಿತ್ತೆಂದು ನನಗೆ ಅವತ್ತೇ ಗೊತ್ತಾದದ್ದು. ಮರುವರ್ಷದ ದೀಪಾವಳಿಗೆ ಮೊದಲು ಆಫೀಸು ಮುಚ್ಚಿದ. ಕಮತಗಿಯ ಹಳೆ ಮನೆಗೆ ಹೋದವನು ಮತ್ತೆ ಪೇಟೆಯ ಸುದ್ದಿ ಕೇಳಲಿಲ್ಲ, ಯಾರ ಮೇಲೂ ಕೈ ಎತ್ತಲಿಲ್ಲ ಎಂದು ಊರಿನವರು ಹೇಳುತ್ತಾರೆ.

ಹೋಗುವ ಮೊದಲು ತಮ್ಮನ ಮಾಲನ್ನು ಮಾರಿಸಿದ. ಕಾನೂನಿನ ಕಾಗದಪತ್ರ ಮುಗಿದು ಅದು ಹೆಂಡತಿಯ ಹೆಸರಿಗೆ ಬಂದಿತ್ತು. ಆಕೆ ಎಲ್ಲದಕ್ಕೂ ಕೇಳಿದಲ್ಲಿ ಹೆಬ್ಬೆಟ್ಟು ಒತ್ತಿದ್ದಳು, ಎಷ್ಟೆಂದು ಕೇಳಿರಲಿಲ್ಲ. ರೊಕ್ಕ ಹೆಚ್ಚುಕಡಿಮೆ ಎರಡರಷ್ಟಾಗಿತ್ತು. ಬ್ಯಾಂಕಿಗೆ ಆಕೆಯನ್ನು ಕರೆದುಕೊಂಡು ಹೋಗಿ ಎಲ್ಲವನ್ನೂ ನಗದು ಮಾಡಿಸಿ, ಕೈಚೀಲದಲ್ಲಿ ತುಂಬಿಸಿಕೊಂಡು ಮೂವರೂ ಕಮತಗಿಯ ಮನೆಗೆ ಹೋದೆವು. ನನ್ನನ್ನು ಯಾಕೆ ಕರೆದನೋ ಆತನೇ ಬಲ್ಲ.

ಆಕೆ ತಲೆಯ ಮೇಲೆ ಸೆರಗು ಹೊದ್ದು ಬಾಗಿಲ ಪಕ್ಕಕ್ಕೆ ಕೂತಳು. ಹಿತ್ತಿಲಲ್ಲಿ ಉಳಿದ ಕುರಿಗಳು ಕಾಣುತ್ತಿದ್ದವು, ಒಂದೆರಡು ಕುಂಟುತ್ತಿದ್ದವು. ಕಾಕಾ ಕೈಚೀಲವನ್ನು ನೆಲಕ್ಕಿಟ್ಟು, ಪಟ್ಟಿ ಕಟ್ಟಿದ ಕೈಯಿಂದ ಮುಂದಕ್ಕೆ ಸರಿಸಿದ.

‘ಎಲ್ಲಾ ಐತಿ ನೋಡವ್ವಾ. ಎರಡರಷ್ಟು ಆಗೇತಿ’ ಎಂದ.

ಆಕೆ ಕೈಚೀಲ ಮುಟ್ಟಲಿಲ್ಲ. ಅಳಲೂ ಇಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಆತ ಬದುಕಿಕೊಳ್ಳುತ್ತಿದ್ದನೇನೋ.

‘ಭಾವಾರ, ಅವ್ರು ಬಂದು ಕೇಳಿದ್ರಲ್ರಿ, ಆ ಗುರುವಾರ. ಅವತ್ತ ಮಾರಿದ್ರ ಎಷ್ಟ ಬರ್ತಿತ್ತೋ ಅಷ್ಟ ಕೊಡ್ರಿ’ ಎಂದಳು. ‘ಅವ್ರು ಕೇಳಿದ್ದು ಅಷ್ಟ. ಮ್ಯಾಲಿನದು ಅವ್ರು ಸತ್ತ ಮ್ಯಾಲಿಂದು. ಅದು ನನಗ ಬ್ಯಾಡ.’

ಕಾಕಾ ನನ್ನ ಕಡೆ ತಿರುಗಿದ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆತ ನನ್ನನ್ನು ರೇಟು ಕೇಳಿದ.

‘ಎಷ್ಟಿತ್ತು ಅವತ್ತು?’

ನಾನು ಯಾವ ಕಾಗದವನ್ನೂ ನೋಡದೆ, ಪೈಸೆಯ ಸಮೇತ ಹೇಳಿದೆ.